ಹಂಬ ಎಂಬ ಮಾತು

ಹೊಳೆಬಾಯಲ್ಲಿ ಹೊಗೆದೋಣಿ ಕೂಗಿತೆಂದರೆ
ಮೊದಲ ಕರೆ ನನಗೆ.

ಅರಮನೆಯೆಂದರೆ ಕಂಬಗಳ ಮೇಲೆ ಕೂತ ಉದ್ದನೆಯ ಮರದ ಮನೆ,
ಕೆಳಗೆ ಭರತದ ನೀರು, ಏಡಿ, ಬಾತುಕೋಳಿ.
ಹಳದಿ ಮೆತ್ತೆಯ ಮೇಲೆ ತುಂಕು ಮನ್ಸೂರ್,
ಎದುರಿಗೆ ಟ್ರೆವಿಕ್ ಸಾಹೇಬ, ತಾನೇ ಹೊತ್ತು ತಂದ
ಮಡಚುವ ಕುರ್ಚಿಯಲ್ಲಿ.
ನಡುವೆ, ಚಾಪೆಯ ಅಂಚಿಗೆ, ನಾನು:
ಎರಡು ಬಾಯಿಗೆ ಒಂದು ನಾಲಗೆ.

"ಸಾಲಕ್ಕೆ ಜೀತವಿರುವವರನ್ನೆಲ್ಲ ಬಿಡತಕ್ಕದ್ದು,
ಬರುವ ಹುಣ್ಣಿಮೆಯೊಳಗೆ," ಅಂದ ಸಾಹೇಬ.
"ಬಿಟ್ಟರೆ ಚಂದವಿತ್ತು ಅನ್ನುತ್ತಾರೆ ಸ್ನೇಹಿತರು," ಅಂದೆ ನಾನು.
"ಅವನ ರಾಣಿಗೆ ಗಂಜಿ ಕಾಯಿಸುವವರು ಯಾರು, ಕೇಳು," ಅಂದ ತುಂಕು.
"ಯೋಚಿಸುತ್ತಾರಂತೆ," ಅಂದೆ.

ಹೀಗೆ ಮೂರು ಮಳೆಗಾಲ
ಮುಳ್ಳು ಬಿಡಿಸಿ ಮೀನು ಬಡಿಸಿದೆ ಇಬ್ಬರಿಗೂ.
ಸಾಹೇಬ ಬೆಳ್ಳಿ ಗಡಿಯಾರ ಕೊಟ್ಟ, ಕೀಲಿ ಕೊಡಲು ಮರೆತ.

ತುಂಕು ಕೆಟ್ಟವನಲ್ಲ. ಅಂಜುಬುರುಕ.
ರಾತ್ರಿ ದೀಪ ತಗ್ಗಿಸಿ ಕೇಳುತ್ತಿದ್ದ:
"ಬಿಟ್ಟರೆ ಹುಟ್ಟು ಹಾಕುವವರಾರು?
ತಲೆಯೆಣಿಕೆ ಕುಗ್ಗಿದರೆ ಮೇಲ್ಹೊಳೆಯ ನಾಯಕರು
ನನ್ನ ಮಾತು ಕೇಳುತ್ತಾರೆಯೆ?
ಬಿಡದಿದ್ದರೆ ತೋಪಿನ ಹಡಗು.
ಹೇಳು, ನೀನು ಓದಿದವನು,
ಅಣ್ಣನನ್ನು ಅವರು ಒಯ್ದಿಟ್ಟ ದ್ವೀಪದಲ್ಲಿ
ದುರಿಯನ್ ಹಣ್ಣು ಸಿಗುತ್ತದೆಯೆ?"

ಸಿಗುತ್ತದೆ ಅಂದೆ. ನನಗೇನು ಗೊತ್ತು.

ನನ್ನವ್ವ ಚೆಂಪಾಕ ಆ ಮನೆಯ ಹಿಂದಿನ ಅಡುಗೆಕೋಣೆಯಲ್ಲಿ
ನಲವತ್ತು ವರುಷ ಹೊಗೆ ಕುಡಿದವಳು.
ಅವಳಪ್ಪ ಒಂದು ಎಮ್ಮೆಗೆಂದು ಪಡೆದ ಹದಿನಾಲ್ಕು ಡಾಲರ್.
ಎಮ್ಮೆ ಅದೇ ವರುಷ ಸತ್ತಿತು.
ಸಾಲಕ್ಕೆ ಯಾವ ರೋಗವೂ ತಗುಲಲಿಲ್ಲ.
ನಾನು ಹುಟ್ಟಿದೆ, ಪಟ್ಟಿಗೆ ಏರಿದೆ;
ಪಾದ್ರಿಯ ಶಾಲೆಗೆ ತುಂಕುವೇ ಕಳಿಸಿದ,
ಆ ಖರ್ಚೂ ಕೂಡಿ ಮೂವತ್ತೊಂದು.
ಸಾಹೇಬನಿಗೆ ಇದನ್ನು ಯಾರೂ ಹೇಳಿರಲಿಲ್ಲ.
ಹೇಳಬೇಕಾದವನು ನಾನೇ ಆಗಿದ್ದೆ.

ಆ ದಿನ ಕಾಗದ ಬರೆದೇ ತಂದಿದ್ದ.
"ಬಿಡತಕ್ಕದ್ದು," ಅಂದ, ಎಂದಿನಂತೆ.
ಏನಾಯಿತೋ, ನನ್ನ ಬಾಯಿಂದ ಮುಳ್ಳಿನ ಸಮೇತ ಬಿತ್ತು:
"ಬಿಡಲೇಬೇಕು."

ಅಡಕೊತ್ತು ನಿಂತಿತು. ಬೀಸಣಿಗೆ ನಿಂತಿತು.
ತುಂಕು ಸಾಹೇಬನನ್ನು ನೋಡಲಿಲ್ಲ, ನನ್ನನ್ನು ನೋಡಿದ.
"ಇದು ಯಾರ ಮಾತು? ಅವನದೋ, ನಿನ್ನದೋ?"

ನನ್ನದು ಎನ್ನೋಣವೆಂದರೆ
ದೊಡ್ಡವರೆದುರು 'ನಾನು' ಎನ್ನಲು ನಮಗಿರುವುದು
ಹಂಬ ಎಂಬ ಮಾತು.
ಜೀತದಾಳು ಎನ್ನಲೂ ಅದೇ ಮಾತು.
ಬಾಯಿ ತೆರೆದೆ. ಮುಚ್ಚಿದೆ.

"ಏನು ಕೇಳಿದ?" ಅಂದ ಸಾಹೇಬ.
"ಮೊಹರು ಎಲ್ಲಿ ಒತ್ತಬೇಕು ಎಂದು ಕೇಳುತ್ತಾರೆ."

ಸಾಹೇಬ ಬಾಗಿ, ಕಾಗದದ ಮೇಲೆ ಬೆರಳಿಟ್ಟ.
ತುಂಕು ಆ ಬೆರಳನ್ನೇ ಉತ್ತರವೆಂದುಕೊಂಡ.
ಅದರ ತುದಿಯಲ್ಲಿ ಏನು ಕಂಡನೋ, ಹಡಗೋ, ದ್ವೀಪವೋ,
ಮೊಹರನ್ನು ದೀಪದ ಕುಡಿಗೆ ಹಿಡಿದು ಮಸಿ ಮಾಡಿ
ಒತ್ತಿದ. ಕೈ ನಡುಗಿ ತುಸು ಓರೆಯಾಯಿತು.

ಮುಂದಿನ ತಿಂಗಳು ತವರದ ಗುಡ್ಡಕ್ಕೆ ದಾರಿ ಕಡಿಯಲು
ಬಿಡುಗಡೆಯಾದವರಿಗೆಲ್ಲ ಬುಟ್ಟಿ, ಗುದ್ದಲಿ, ತಿಂಗಳಿಗೆ ಆರು ದಿನ.
"ಇದು ಜೀತವಲ್ಲ, ತೆರಿಗೆ. ತಿಳಿಸಿ ಹೇಳು," ಅಂದ ಸಾಹೇಬ.
ತಿಳಿಸಿ ಹೇಳಿದೆ. ನಕ್ಕರು.

ಅವ್ವ ಮಾತ್ರ ಬಿಡುಗಡೆಯ ಮರುದಿನವೂ
ಕತ್ತಲಲ್ಲೇ ಹೋಗಿ ಅಕ್ಕಿ ನೆನೆಹಾಕಿದಳು.
ಸಾಲದ ಪುಸ್ತಕ ಒಲೆಯ ಬಳಿ ಬಿದ್ದಿತ್ತಂತೆ, ಉರಿಗೆಂದು;
ಒಂದು ಹಾಳೆ ಹರಿದು ಸೆರಗಲ್ಲಿ ತಂದಳು.
"ಓದು, ಏನಿದೆ?"

"ಒಂದು ಎಮ್ಮೆ," ಅಂದೆ. "ಹದಿನಾಲ್ಕು."
"ಬಣ್ಣ?"
"ಬರೆದಿಲ್ಲ."

"ಬೂದು," ಅಂದಳು ಅವ್ವ, ಬೂದಿ ಕೆದಕುತ್ತ,
"ಹಣೆಯಲ್ಲಿ ಬಿಳಿಸುಳಿ.
ನನ್ನ ಕೂಗಿಗೆ ಮಾತ್ರ ಬರುತ್ತಿತ್ತು."